ಬಂಡೆ ಮೇಲಿನ ಪಾಚಿಗೆ ಚಳಿ ಗೊತ್ತಾಗುವುದು ಹೇಗೆ?

ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಬೋಳು ಬಂಡೆಗಳನ್ನು ನೋಡಿದ್ದರೆ, ಅವುಗಳ ಮೈಮೇಲೆ ಉದ್ದಕ್ಕೆ ಇಳಿದಿರುವ ಕಪ್ಪು ಪಟ್ಟೆಗಳು ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ. ಮಳೆ ನೀರು ಇಳಿಯುವ ಜಾಡಿನಲ್ಲೇ ಅವು ಇರುತ್ತವೆ. ಕೊಳೆ ಕಟ್ಟಿದೆ ಅಂತ ಸುಮ್ನೆ ಮುಂದೆ ಹೋಗುವವರೇ ಜಾಸ್ತಿ. ಆದರೆ ಬಂಡೆಗಳ ಮೇಲಿನ ಇಂಥ ಪಟ್ಟೆಗಳು ಬಹುಪಾಲು ಜೀವಂತ. ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು ಅಲ್ಲಿ ಪದರ ಪದರವಾಗಿ ಕೂತಿರುತ್ತವೆ. ನೀಲಿ-ಹಸಿರು ಪಾಚಿ ಅಂತ ಪಾಠದ ಪುಸ್ತಕದಲ್ಲಿ ಓದಿದ್ದೇವಲ್ಲ, ಅವೇ ಇವು. ಬಿಸಿಲಿನಿಂದ ಕಾಪಾಡಿಕೊಳ್ಳಲು ಕಂದು ಬಣ್ಣದ ವಸ್ತುವೊಂದನ್ನು ಮೈಸುತ್ತ ತುಂಬಿಕೊಂಡಿರುವುದರಿಂದ ಕಪ್ಪಗೆ ಕಾಣುತ್ತವೆ.

ಇದೇ ಗುಂಪಿನ ಜೀವಿಗಳು ಸಖರಾಯಪಟ್ಟಣದ ಅಯ್ಯನಕೆರೆಯಂಥ ಕೆರೆಗಳ ನೀರಿನಲ್ಲಿವೆ, ಸಕಲೇಶಪುರದ ಕಡೆಯ ಗದ್ದೆಗಳಲ್ಲಿವೆ. ಹಸುಗಳಿಗೆ ಹಾಕಲು ಟಾರ್ಪಾಲ್ ಗುಂಡಿಯಲ್ಲಿ ಬೆಳೆಸುವ ಅಜೋಲಾದ ಎಲೆಯೊಳಗೂ ಇವೆ. ಗದ್ದೆಯ ನೀರಿನಲ್ಲಿರುವ ಈ ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಗೊಬ್ಬರ ಕೊಡುತ್ತದೆ ಎಂದು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. ಇಷ್ಟೆಲ್ಲ ಉಪಕಾರ ಮಾಡುವ ಜೀವಿಯ ಬಗ್ಗೆ ನಮಗೆ ಗೊತ್ತಿರುವುದು ಮಾತ್ರ ಕಾಲಿಟ್ಟರೆ ಜಾರುತ್ತದೆ ಅನ್ನುವುದೊಂದೇ.

ಈಗ ಇವುಗಳ ಕಷ್ಟ ನೋಡಿ. ಏಪ್ರಿಲ್ ಮಧ್ಯಾಹ್ನ ಬೋಳು ಬಂಡೆಯ ಮೇಲ್ಮೈ 50 ಡಿಗ್ರಿ ದಾಟುವುದುಂಟು. ಜನವರಿಯ ಬೆಳಗಿನ ಜಾವ, ಅದರಲ್ಲೂ 1,900 ಮೀಟರಿಗಿಂತ ಎತ್ತರದ ಮುಳ್ಳಯ್ಯನಗಿರಿಯ ಕಡೆ, ಅದೇ ರೀತಿಯ ಬಂಡೆ ಕೈ ಇಟ್ಟರೆ ಕೊರೆಯುವಷ್ಟು ತಣ್ಣಗಿರುತ್ತದೆ. ನಾವಾದರೆ ಸ್ವೆಟರ್ ಹಾಕುತ್ತೇವೆ, ಒಲೆ ಮುಂದೆ ಕೂರುತ್ತೇವೆ. ಅದಕ್ಕೂ ಮೊದಲು, ನಮ್ಮ ರಕ್ತವೇ ಹೊರಗೆ ಎಷ್ಟೇ ಚಳಿ ಇದ್ದರೂ 37 ಡಿಗ್ರಿಯಲ್ಲಿರುತ್ತದೆ. ಹಾವು, ಕಪ್ಪೆಗೆ ಆ ಸೌಕರ್ಯ ಇಲ್ಲ. ಆದರೂ ಅವು ಜಾಗ ಬದಲಿಸಬಲ್ಲವು. ಬಂಡೆಗೆ ಅಂಟಿದ ಪಾಚಿಗೆ ಎರಡೂ ಇಲ್ಲ. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿನಷ್ಟು ಚಿಕ್ಕ ಜೀವಕೋಶ ಅದು. ಹೊರಗೆ ಎಷ್ಟು ಡಿಗ್ರಿಯೋ ಒಳಗೂ ಅಷ್ಟೇ. ಚಳಿಯನ್ನು ಹೊರಗೆ ನಿಲ್ಲಿಸುವ ದಾರಿಯೇ ಅದಕ್ಕಿಲ್ಲ.

ಹಾಗಿರುವಾಗ ಅದು ಬದಲಿಸುವುದು ತನ್ನ ಕೊಬ್ಬನ್ನು. ಅದರಲ್ಲೂ ಒಂದು ನಿರ್ದಿಷ್ಟ ಜಾಗದ ಕೊಬ್ಬನ್ನು.

ಯಾವ ಜೀವಕೋಶಕ್ಕೂ ಸುತ್ತ ಒಂದು ಪೊರೆ ಇರುತ್ತದೆ. ದಪ್ಪ ಸುಮಾರು ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗ. ಈ ಪೊರೆ ಕೊಬ್ಬಿನ ಅಣುಗಳ ಎರಡು ಸಾಲುಗಳಿಂದ ಆಗಿದೆ. ಒಂದೊಂದು ಅಣುವಿಗೂ ನೀರನ್ನು ಇಷ್ಟಪಡುವ ಒಂದು ತಲೆ, ನೀರನ್ನು ದೂರ ಇಡುವ ಎರಡು ಬಾಲ. ತಲೆಗಳು ಹೊರಗಡೆ ಮತ್ತು ಒಳಗಡೆಯ ನೀರಿನ ಕಡೆ ಮುಖ ಮಾಡುತ್ತವೆ, ಬಾಲಗಳು ನಡುವೆ ಸೇರಿಕೊಳ್ಳುತ್ತವೆ. ಈ ಅಣುಗಳು ಒಂದಕ್ಕೊಂದು ಬೆಸೆದುಕೊಂಡಿರುವುದಿಲ್ಲ. ಪಕ್ಕಪಕ್ಕದಲ್ಲಿ ಒತ್ತಿಕೊಂಡಿರುತ್ತವೆ ಅಷ್ಟೆ, ಸದಾ ಓಡಾಡುತ್ತಲೂ ಇರುತ್ತವೆ. ನಡುನಡುವೆ ಪ್ರೋಟೀನ್‌ಗಳು ಹುದುಗಿರುತ್ತವೆ. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಏನು ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುವುದು ಇವೇ.

ಸಯನೋಬ್ಯಾಕ್ಟೀರಿಯಕ್ಕೆ ಇಷ್ಟೇ ಸಾಲದು. ಜೀವಕೋಶದ ಒಳಗೆ ಥೈಲಕಾಯ್ಡ್ ಎಂಬ ಇನ್ನೊಂದು ಪೊರೆ ಹಲವು ಮಡಿಕೆಗಳಾಗಿ ಇರುತ್ತದೆ. ಬಿಸಿಲನ್ನು ಹಿಡಿದು ಆಹಾರ ಮಾಡುವ ಕೆಲಸ, ಅಂದರೆ ದ್ಯುತಿಸಂಶ್ಲೇಷಣೆ ಶುರುವಾಗುವುದು ಅಲ್ಲಿ. ಹಾಗಾಗಿ ಪೊರೆ ಕೆಟ್ಟರೆ ಈ ಜೀವಿಗೆ ಹೊರಗೋಡೆಯೂ ಹೋಯಿತು, ಅಡುಗೆಮನೆಯೂ ಹೋಯಿತು.

ಚಳಿಯಲ್ಲಿ ಪೊರೆಗೆ ಏನಾಗುತ್ತದೆ ಅಂತ ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ನಮ್ಮ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ತಲೆಗೆ ಹಚ್ಚಿಕೊಳ್ಳಬೇಕಾದರೆ ಬಿಸಿಲಿಗೆ ಇಡಬೇಕು. ಅದೇ ಕಪಾಟಿನಲ್ಲಿರುವ ಸೂರ್ಯಕಾಂತಿ ಎಣ್ಣೆ ಮಾತ್ರ ನೀರಾಗಿಯೇ ಇರುತ್ತದೆ. ಎರಡೂ ಎಣ್ಣೆಯೇ, ಎರಡಕ್ಕೂ ಅದೇ ಚಳಿ. ವ್ಯತ್ಯಾಸ ಇರುವುದು ಬಾಲದ ಆಕಾರದಲ್ಲಿ. ಕೊಬ್ಬರಿ ಎಣ್ಣೆಯ ಬಾಲಗಳು ಹೆಚ್ಚಾಗಿ ನೇರ. ನೇರವಾದವು ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತವೆ. ಸೂರ್ಯಕಾಂತಿ ಎಣ್ಣೆಯ ಬಾಲಗಳಲ್ಲಿ ಅಲ್ಲಲ್ಲಿ ಡೊಂಕು ಇದೆ. ಡೊಂಕು ಇದ್ದವು ಹತ್ತಿರ ಬರಲಾರವು, ಹಾಗಾಗಿ ಚಳಿಯಲ್ಲೂ ಹರಿಯುತ್ತವೆ.

ಡೊಂಕು ಬರುವುದು ಎಲ್ಲಿಂದ? ಬಾಲ ಎಂದರೆ ಇಂಗಾಲದ ಪರಮಾಣುಗಳ ಸರಪಳಿ. ಪಕ್ಕಪಕ್ಕದ ಎರಡು ಇಂಗಾಲಗಳ ನಡುವೆ ಸಾಮಾನ್ಯವಾಗಿ ಒಂದು ಬಂಧ ಇರುತ್ತದೆ. ಎರಡರಿಂದಲೂ ಒಂದೊಂದು ಜಲಜನಕ ತೆಗೆದುಬಿಟ್ಟರೆ ಆ ಜಾಗದಲ್ಲಿ ಜೋಡಿ ಬಂಧ ಆಗುತ್ತದೆ. ಜೀವಕೋಶದಲ್ಲಿ ಆಗುವ ಬಗೆಯ ಜೋಡಿ ಬಂಧ ಇದ್ದಲ್ಲಿ ಸರಪಳಿ ಬಾಗುತ್ತದೆ.

ಈ ಸಣ್ಣ ಬದಲಾವಣೆಯ ಪರಿಣಾಮ ಎಷ್ಟು ದೊಡ್ಡದು ಅನ್ನುವುದನ್ನು ಅಂಕಿಯಲ್ಲೇ ನೋಡಬೇಕು. 18 ಇಂಗಾಲದ ಕೊಬ್ಬಿನಾಮ್ಲ, ಅಂದರೆ ಇಂಥ ಒಂದು ಬಾಲ, ತೆಗೆದುಕೊಳ್ಳಿ. ಜೋಡಿ ಬಂಧ ಒಂದೂ ಇಲ್ಲದಿದ್ದರೆ ಅದು ಕರಗುವುದು ಸುಮಾರು 69 ಡಿಗ್ರಿಯಲ್ಲಿ. ಒಂದು ಜೋಡಿ ಬಂಧ ಬಂದರೆ ಸುಮಾರು 13 ಡಿಗ್ರಿಗೆ ಇಳಿಯುತ್ತದೆ. ಎರಡಾದರೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಮೂರಾದರೆ ಸೊನ್ನೆಗಿಂತ 11 ಡಿಗ್ರಿ ಕೆಳಗೆ. ಪೊರೆಯೊಳಗಿನ ಕೊಬ್ಬಿಗೆ ಇದೇ ಅಂಕಿ ಅನ್ವಯಿಸುವುದಿಲ್ಲ, ಆದರೆ ಕ್ರಮ ಇದೇ. ಮೊದಲ ಡೊಂಕಿನಿಂದ ಸಿಗುವ ಲಾಭ ಬಹಳ. ಎರಡನೆಯದರಿಂದ ಒಂದಷ್ಟು. ಮೂರನೆಯದರಿಂದ ಸ್ವಲ್ಪ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೊರೆ ಗಟ್ಟಿಯಾದರೆ ಏನು ನಷ್ಟ? ಮೊದಲನೆಯದು ಸೋರಿಕೆ. ತಣ್ಣಗಾಗುವಾಗ ಇಡೀ ಪೊರೆ ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಅಲ್ಲಲ್ಲಿ ಗಟ್ಟಿ ತುಂಡುಗಳಾಗುತ್ತವೆ, ಅವುಗಳ ನಡುವೆ ಸಡಿಲ ಭಾಗ ಉಳಿಯುತ್ತದೆ. ಆಗ ಜೀವಕೋಶದ ಒಳಗಿರಬೇಕಾದ ಪೊಟ್ಯಾಸಿಯಂನಂಥ ಅಯಾನುಗಳು ಹೊರಗೆ ಸೋರಿಹೋಗುತ್ತವೆ. ಇದು ಮಿತಿ ಮೀರಿದರೆ ಮತ್ತೆ ಬಿಸಿಯಾದರೂ ಜೀವಕೋಶ ಚೇತರಿಸಿಕೊಳ್ಳುವುದಿಲ್ಲ.

ಎರಡನೆಯದು ದ್ಯುತಿಸಂಶ್ಲೇಷಣೆಗೇ ಸಂಬಂಧಿಸಿದ್ದು, ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇದೇ. ಬೆಳಕನ್ನು ಹಿಡಿಯುವ ಪ್ರೋಟೀನ್ ಗುಂಪುಗಳು ಥೈಲಕಾಯ್ಡ್ ಪೊರೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ತಲುಪಿಸಲು ಪ್ಲಾಸ್ಟೊಕ್ವಿನೋನ್ ಎಂಬ ಚಿಕ್ಕ ಅಣು ಪೊರೆಯ ಕೊಬ್ಬಿನ ನಡುವೆಯೇ ಓಡಾಡಬೇಕು. ಕೊಬ್ಬು ಬಿಗಿದರೆ ಅದರ ಓಡಾಟ ನಿಧಾನ.

ಅದಕ್ಕಿಂತ ದೊಡ್ಡ ತೊಂದರೆ ರಿಪೇರಿಯದ್ದು. ಬೆಳಕು ಹಿಡಿಯುವ ಕೆಲಸವೇ ಅಪಾಯದ ಕೆಲಸ. ಫೋಟೋಸಿಸ್ಟಂ-2 ಎಂಬ ಗುಂಪಿನಲ್ಲಿ ಡಿ-1 ಅನ್ನುವ ಪ್ರೋಟೀನ್ ಇದೆ. ಬೆಳಕಿನ ಹೊಡೆತಕ್ಕೆ ಅದು ಮತ್ತೆ ಮತ್ತೆ ಕೆಡುತ್ತದೆ. ಮಾಮೂಲಿ ದಿನದಲ್ಲೂ ಅಷ್ಟೇ. ಕೆಟ್ಟದ್ದನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಬೆಳಗಿನಿಂದ ಸಂಜೆವರೆಗೆ ನಡೆಯುತ್ತಲೇ ಇರುತ್ತದೆ. ಹೊಸ ಡಿ-1 ತಯಾರಾಗಿ, ಪೊರೆಯೊಳಗೆ ಸೇರಿ, ಸರಿಯಾದ ಜಾಗದಲ್ಲಿ ಕೂರಬೇಕಾದರೆ ಪೊರೆ ಸಡಿಲವಾಗಿರಬೇಕು.

ಈಗ ನಮ್ಮ ಡಿಸೆಂಬರ್, ಜನವರಿಯ ಬೆಳಗನ್ನು ಯೋಚಿಸಿ. ಮಂಜು ಸರಿದ ಮೇಲೆ ಆಕಾಶ ಸ್ವಚ್ಛ. ಬಿಸಿಲು ಕಣ್ಣು ಕುಕ್ಕುತ್ತದೆ, ಆದರೆ ಗಾಳಿಯಲ್ಲಿ ಇನ್ನೂ ಚಳಿ. ನಮಗೆ ಇದು ಕಾಫಿ ಲೋಟ ಹಿಡಿದು ಅಂಗಳದಲ್ಲಿ ನಿಲ್ಲುವ ಹೊತ್ತು. ಪಾಚಿಗೆ ಕಷ್ಟದ ಹೊತ್ತು. ಬೆಳಕನ್ನು ಹೀರುವುದಕ್ಕೆ ಚಳಿ ಅಡ್ಡಿ ಬರುವುದಿಲ್ಲ. ಹಾಗಾಗಿ ಹಾನಿ ಆಗುತ್ತಲೇ ಹೋಗುತ್ತದೆ. ರಿಪೇರಿ ಮಾತ್ರ ಚಳಿಗೆ ನಿಧಾನವಾಗಿರುತ್ತದೆ. ಬರೀ ಚಳಿಗಿಂತ ಚಳಿ ಮತ್ತು ಬಿಸಿಲು ಒಟ್ಟಿಗೆ ಬಂದಾಗ ಹೆಚ್ಚು ಪೆಟ್ಟು ಬೀಳುವುದು ಇದಕ್ಕೇ.

ಇದಕ್ಕೆ ಪರಿಹಾರವಾಗಿ ಸಯನೋಬ್ಯಾಕ್ಟೀರಿಯಗಳ ಹತ್ತಿರ ಡಿಸ್ಯಾಚುರೇಸ್ ಎಂಬ ಕಿಣ್ವಗಳಿವೆ. ಬಾಲದಿಂದ ಜಲಜನಕ ತೆಗೆದು ಜೋಡಿ ಬಂಧ ಮಾಡುವುದೇ ಅವುಗಳ ಕೆಲಸ. ಹಳೆಯ ಕೊಬ್ಬನ್ನು ಒಡೆದು ಹೊಸದಾಗಿ ಮಾಡುವ ಗೋಜಿಗೆ ಅವು ಹೋಗುವುದಿಲ್ಲ. ಪೊರೆಯಲ್ಲಿ ಈಗಾಗಲೇ ಕೂತಿರುವ ಅಣುವಿನ ಬಾಲವನ್ನೇ, ಇದ್ದ ಜಾಗದಲ್ಲೇ ಬಗ್ಗಿಸುತ್ತವೆ. ಈ ಕೆಲಸಕ್ಕೆ ಬೇಕಾದ್ದು ಆಮ್ಲಜನಕ ಮತ್ತು ಎಲೆಕ್ಟ್ರಾನ್. ದ್ಯುತಿಸಂಶ್ಲೇಷಣೆ ಎರಡನ್ನೂ ಕೊಡುತ್ತದೆ. ಅಂದರೆ ಬಿಸಿಲಿನಿಂದ ಬಂದ ಶಕ್ತಿಯಲ್ಲೇ, ಬಿಸಿಲನ್ನು ತಡೆದುಕೊಳ್ಳುವಂತೆ ಪೊರೆ ಸಿದ್ಧವಾಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷ ಇನ್ನೂ ಇದೆ.

ಇದೆಲ್ಲ ನಿಜವೇ ಅಂತ ಪರೀಕ್ಷಿಸಿದವರಲ್ಲಿ ಮುಖ್ಯವಾದದ್ದು ಜಪಾನಿನ ಒಕಜಾಕಿಯಲ್ಲಿದ್ದ ನೊರಿಯೊ ಮುರಾಟ ಅವರ ತಂಡ. ಅವರು ಹೆಚ್ಚು ಬಳಸಿದ್ದು ಸಿನೆಕೊಸಿಸ್ಟಿಸ್ ಪಿಸಿಸಿ 6803 ಎಂಬ ತಳಿ. ಮೂಲದಲ್ಲಿ ಕ್ಯಾಲಿಫೋರ್ನಿಯದ ಒಂದು ಸಿಹಿನೀರಿನ ಕೆರೆಯಿಂದ ತಂದದ್ದು. 1996ರಲ್ಲಿ ಇದರ ಪೂರ್ತಿ ಜೀನೋಮ್ ಓದಲಾಯಿತು. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಪೂರ್ತಿ ಜೀನೋಮ್ ಓದಿದ್ದು ಇದೇ ಮೊದಲು. ಇದರಲ್ಲಿ ನಾಲ್ಕು ಡಿಸ್ಯಾಚುರೇಸ್‌ಗಳಿವೆ. ಒಂದೊಂದೂ ಬಾಲದ ಒಂದೊಂದು ಜಾಗದಲ್ಲಿ ಡೊಂಕು ಮಾಡುತ್ತದೆ. ಮೊದಲ ಡೊಂಕು ಮಾಡುವ ಕಿಣ್ವದ ಜೀನ್ ಬಿಸಿಯಿದ್ದರೂ ಚಳಿಯಿದ್ದರೂ ಒಂದೇ ಸಮ ಕೆಲಸ ಮಾಡುತ್ತದೆ. ಉಳಿದ ಮೂರು ಚಳಿ ಬಂದಾಗ ಚುರುಕಾಗುತ್ತವೆ. ಅವುಗಳಲ್ಲಿ ಎರಡನೆಯ ಡೊಂಕಿಗೆ ಕಾರಣವಾದ ಡೆಸ್-ಎ ಎಂಬ ಜೀನಿನ ಚಟುವಟಿಕೆ, ನೀರನ್ನು 36ರಿಂದ 22 ಡಿಗ್ರಿಗೆ ಇಳಿಸಿದ ಒಂದು ಗಂಟೆಯೊಳಗೆ ಸುಮಾರು ಹತ್ತು ಪಟ್ಟು ಏರುತ್ತದೆ.

1990ರಲ್ಲಿ ಈ ತಂಡ ಡೆಸ್-ಎ ಜೀನನ್ನು ತೆಗೆದು ಬೇರೊಂದು ಸಯನೋಬ್ಯಾಕ್ಟೀರಿಯಕ್ಕೆ ಸೇರಿಸಿತು. ಆ ಜೀವಿಯ ಪೊರೆಯಲ್ಲಿ ಒಂದು ಡೊಂಕಿನ ಬಾಲಗಳು ಮಾತ್ರ ಇರುತ್ತಿದ್ದವು, ಅದಕ್ಕೆ ಚಳಿ ತಡೆಯುತ್ತಿರಲಿಲ್ಲ. ಜೀನ್ ಸೇರಿದ ಮೇಲೆ ಎರಡು ಡೊಂಕಿನ ಬಾಲಗಳು ಬಂದವು, ಚಳಿ ತಡೆಯುವ ಶಕ್ತಿಯೂ ಬಂತು. 1996ರಲ್ಲಿ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಸಿನೆಕೊಸಿಸ್ಟಿಸ್‌ನಿಂದ ಡಿಸ್ಯಾಚುರೇಸ್ ಜೀನ್‌ಗಳನ್ನು ಒಂದೊಂದಾಗಿ ಕೆಡಿಸುತ್ತಾ ಹೋದರು. ಒಂದೇ ಡೊಂಕು ಉಳಿಯುವಂತೆ ಮಾಡಿದ ಜೀವಕೋಶಗಳು ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿಯೇ ಬೆಳೆದವು. ಚಳಿಯಲ್ಲಿ ಮಾತ್ರ ಸೋತವು. ಬೆಳಕಿನಿಂದ ಕೆಟ್ಟ ಫೋಟೋಸಿಸ್ಟಂ-2 ಅವುಗಳಲ್ಲಿ ಸರಿಯಾಗಿ ರಿಪೇರಿ ಆಗಲೇ ಇಲ್ಲ. ಆದರೆ ಮೂರು ಡೊಂಕು ಇರುವ ಕಡೆ ಎರಡೇ ಇರುವಂತೆ ಮಾಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಲೆ ಹೇಳಿದ ಕರಗುವ ಅಂಕಿಗಳ ಕ್ರಮ ಜೀವಂತ ಕೋಶದಲ್ಲೂ ಹಾಗೆಯೇ ಕಾಣಿಸಿಕೊಂಡಿತು.

ಇಷ್ಟಾದರೂ ತಲೆಬರಹದ ಪ್ರಶ್ನೆ ಹಾಗೇ ಇದೆ. ಚಳಿ ಬಂತು ಅಂತ ಜೀನ್‌ಗೆ ತಿಳಿಸುವವರು ಯಾರು? ಕಣ್ಣಿಲ್ಲ, ಚರ್ಮ ಇಲ್ಲ, ನರ ಇಲ್ಲ.

ಒಂದು ಊಹೆ ಹೀಗಿತ್ತು. ಜೀವಕೋಶ ಚಳಿಯನ್ನು ನೇರವಾಗಿ ಅಳೆಯುವುದೇ ಇಲ್ಲ. ಚಳಿಯಿಂದ ಪೊರೆ ಬಿಗಿಯುತ್ತದಲ್ಲ, ಆ ಬಿಗಿತವನ್ನೇ ಅದು ಗುರುತಿಸುತ್ತದೆ. ಇದನ್ನು ಪರೀಕ್ಷಿಸಬೇಕಾದರೆ ಚಳಿ ಬೇರೆ, ಬಿಗಿತ ಬೇರೆ ಮಾಡಬೇಕು. ತಣ್ಣಗೆ ಮಾಡದೆ ಪೊರೆಯನ್ನು ಬಿಗಿಗೊಳಿಸಬೇಕು. ಹೇಗೆ?

ಹಂಗೇರಿಯ ಲಾಸ್ಲೊ ವೀಗ್ ಮತ್ತು ಮುರಾಟ ಅವರ ತಂಡಗಳು ಸೇರಿ 1993ರಲ್ಲಿ ಇದನ್ನು ಮಾಡಿ ತೋರಿಸಿದವು. ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ವನಸ್ಪತಿ ಮಾಡುವುದು ನಮಗೆಲ್ಲ ಗೊತ್ತು. ಅದೇ ರಸಾಯನ ಕ್ರಿಯೆಯನ್ನು ಅವರು ಜೀವಂತ ಪಾಚಿಯ ಮೇಲೆ ಪ್ರಯೋಗಿಸಿದರು. ಪಲೇಡಿಯಂ ಇರುವ ವೇಗವರ್ಧಕವನ್ನು ಬಳಸಿ, ಹೊರಗಿನ ಪೊರೆಯ ಒಂದಷ್ಟು ಜೋಡಿ ಬಂಧಗಳಿಗೆ ಜಲಜನಕ ತುಂಬಿದರು. ಡೊಂಕು ಬಾಲಗಳು ನೇರವಾದವು, ಪೊರೆ ಬಿಗಿಯಿತು. ನೀರನ್ನು ತಣ್ಣಗೆ ಮಾಡಿರಲಿಲ್ಲ. ಆದರೂ ಡೆಸ್-ಎ ಜೀನ್ ಎಚ್ಚರವಾಯಿತು. ಜೀವಕೋಶದ ಮಟ್ಟಿಗೆ ಚಳಿಗಾಲ ಬಂದುಬಿಟ್ಟಿತ್ತು.

ಜೀವಶಾಸ್ತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಯೋಗಗಳಲ್ಲಿ ಇದೂ ಒಂದು. ಕೇಳಿದ ಪ್ರಶ್ನೆ ಅಷ್ಟು ಸ್ಪಷ್ಟ, ಸಿಕ್ಕ ಉತ್ತರವೂ ಅಷ್ಟೇ ಸ್ಪಷ್ಟ.

ಬಿಗಿತವನ್ನು ಗುರುತಿಸುವ ಪ್ರೋಟೀನ್ ಯಾವುದು ಅನ್ನುವುದು ಮುಂದಿನ ಹುಡುಕಾಟ. 2000ನೇ ಇಸವಿಯಲ್ಲಿ ಮುರಾಟ ತಂಡ ಹಿಕ್-33 ಎಂಬುದನ್ನು ಕಂಡುಹಿಡಿಯಿತು. ಇದರ ಒಂದು ಭಾಗ ಪೊರೆಯಲ್ಲಿ ಹುದುಗಿದೆ, ಉಳಿದದ್ದು ಜೀವಕೋಶದ ಒಳಗೆ ಇಳಿದಿದೆ. ಸುತ್ತಲಿನ ಕೊಬ್ಬು ಬಿಗಿದಾಗ ಇದರ ಆಕಾರ ಬದಲಾಗುತ್ತದೆ, ಒಳಗಿನ ಭಾಗ ಇನ್ನೊಂದು ಪ್ರೋಟೀನ್‌ಗೆ ಫಾಸ್ಫೇಟ್ ದಾಟಿಸುತ್ತದೆ, ಅದು ಜೀನ್‌ಗಳನ್ನು ಎಬ್ಬಿಸುತ್ತದೆ. ಹಿಕ್-33 ಇಲ್ಲದಂತೆ ಮಾಡಿದಾಗ ಚಳಿಗೆ ಏಳಬೇಕಾದ ಹಲವು ಜೀನ್‌ಗಳು ಸರಿಯಾಗಿ ಏಳಲಿಲ್ಲ. ಕೆಲವು ಮಾತ್ರ ಎಂದಿನಂತೆ ಎದ್ದವು. ಅಂದರೆ ಚಳಿಯ ಸುದ್ದಿ ಮುಟ್ಟಿಸಲು ಈ ಜೀವಿ ಒಂದೇ ದಾರಿಯನ್ನು ನಂಬಿ ಕೂತಿಲ್ಲ.

ಹಾಗಾಗಿ ಪೊರೆಯೇ ಚಳಿಯನ್ನು ಅಳೆಯುತ್ತದೆ, ಪೊರೆಯೇ ಬದಲಾಗುತ್ತದೆ. ಬಾಲಗಳು ಬಾಗಿ ಪೊರೆ ಮತ್ತೆ ಸಡಿಲವಾದ ಮೇಲೆ ಜೀನ್‌ಗಳ ಗದ್ದಲವೂ ತಣ್ಣಗಾಗುತ್ತದೆ.

ಇದನ್ನು ಪಿಯುಸಿ ಮಕ್ಕಳಿಗೆ ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಅಷ್ಟೆಲ್ಲ ಕಷ್ಟ ಯಾಕೆ? ವರ್ಷ ಪೂರ್ತಿ ಸಡಿಲವಾಗೇ ಇಟ್ಕೊಂಡ್ರೆ ಆಗಲ್ವಾ?"

ಒಳ್ಳೆಯ ಪ್ರಶ್ನೆ ಅಲ್ವಾ? ಎರಡು ಕಾರಣಕ್ಕೆ ಆಗುವುದಿಲ್ಲ. ಜನವರಿಗೆ ಸರಿಹೋಗುವಷ್ಟು ಸಡಿಲವಾದ ಪೊರೆ ಏಪ್ರಿಲ್‌ನಲ್ಲಿ ಮಿತಿಮೀರಿ ಸಡಿಲವಾಗುತ್ತದೆ. ಆಗಲೂ ಸೋರುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಪೊರೆಯ ಒಂದು ಬದಿ ಪ್ರೋಟಾನ್‌ಗಳನ್ನು ಕೂಡಿಹಾಕಿ ಅದರ ಒತ್ತಡದಿಂದ ಶಕ್ತಿ ಪಡೆಯಲಾಗುತ್ತದೆ. ಸೋರುವ ಪೊರೆಯಲ್ಲಿ ಅವು ನಿಲ್ಲುವುದೇ ಇಲ್ಲ. ಎರಡನೆಯದಾಗಿ, ಜೋಡಿ ಬಂಧ ಜಾಸ್ತಿ ಇರುವ ಕೊಬ್ಬು ಆಮ್ಲಜನಕದ ಜೊತೆ ಸೇರಿ ಬೇಗ ಕೆಡುತ್ತದೆ. ಥೈಲಕಾಯ್ಡ್‌ನಲ್ಲಿ ಬೆಳಕು, ಆಮ್ಲಜನಕ ಎರಡೂ ಧಾರಾಳ. ಅಂಥ ಜಾಗದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಡೊಂಕು ಇಟ್ಟುಕೊಳ್ಳುವುದು ಅಪಾಯ.

ಬಿಸಿಯ ಕಡೆಯ ಕಥೆ ಚಳಿಯಷ್ಟು ನೇರವಾಗಿಲ್ಲ. ಡೊಂಕು ಕಡಿಮೆ ಮಾಡುವುದು ಒಂದು ಉಪಾಯ ನಿಜ. ಆದರೆ ಒಮ್ಮೆ ಬಾಗಿಸಿದ ಬಾಲವನ್ನು ಡಿಸ್ಯಾಚುರೇಸ್ ಮತ್ತೆ ನೇರ ಮಾಡಲಾರದು. ಹೊಸ ಕೊಬ್ಬು ತಯಾರಾಗಿ ಸೇರುವವರೆಗೆ ಕಾಯಬೇಕು. ಬಂಡೆ ಬಿಸಿಯೇರುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಆ ನಡುವಿನ ಹೊತ್ತಿಗೆ ಬೇರೆ ಏರ್ಪಾಡುಗಳಿವೆ. ಸಿನೆಕೊಸಿಸ್ಟಿಸ್‌ನಲ್ಲಿ ಎಚ್‌ಎಸ್‌ಪಿ-17 ಎಂಬ ಚಿಕ್ಕ ಪ್ರೋಟೀನ್ ಸೆಖೆ ಏರಿದಾಗ ತಯಾರಾಗಿ, ನೇರವಾಗಿ ಪೊರೆಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಜೊತೆಗೆ ಕ್ಯಾರೊಟಿನಾಯ್ಡ್ ಬಣ್ಣದ ಕೆಲವು ಅಣುಗಳೂ ಪೊರೆಗೆ ಬಿಗಿತ ಕೊಡುತ್ತವೆ.

ಇಷ್ಟೆಲ್ಲ ಇದ್ದರೂ ಒಂದು ಮೇಲಿನ ಗೆರೆ ಇದೆ. ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಸಯನೋಬ್ಯಾಕ್ಟೀರಿಯಗಳು ಸುಮಾರು 73 ಡಿಗ್ರಿವರೆಗೆ ಬದುಕುತ್ತವೆ. ಅದಕ್ಕಿಂತ ಬಿಸಿಯಾದ ನೀರಿನಲ್ಲಿ ಬೇರೆ ಬ್ಯಾಕ್ಟೀರಿಯಗಳಿವೆ, ಬೆಳಕನ್ನು ನಂಬಿ ಬದುಕುವವು ಮಾತ್ರ ಇಲ್ಲ. ಇನ್ನೊಂದು ತುದಿಯಲ್ಲಿ, ಅಂಟಾರ್ಕ್ಟಿಕದ ಕೆರೆಗಳ ತಳದಲ್ಲಿ ಇವು ಚಾಪೆಯಂತೆ ಹರಡಿಕೊಂಡಿವೆ. ಧ್ರುವ ಪ್ರದೇಶದ ಸಯನೋಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವಕ್ಕೆ ಚಳಿ ಇಷ್ಟವೇನಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದರೆ 15 ಡಿಗ್ರಿಗಿಂತ ಮೇಲೆಯೇ ಚೆನ್ನಾಗಿ ಬೆಳೆಯುತ್ತವೆ. ಅಲ್ಲಿ ಅವು ಚಳಿಯನ್ನು ಸಹಿಸಿಕೊಂಡು, ನಿಧಾನಕ್ಕೆ ಬೆಳೆಯುತ್ತಾ ಉಳಿದುಕೊಂಡಿವೆ.

ಈ ವಿಷಯ ಬಂಡೆಯ ಪಾಚಿಗೆ ಮಾತ್ರ ಸೇರಿದ್ದಲ್ಲ. ಕಾಫಿ ಗಿಡದ ಎಲೆಯಲ್ಲಿರುವ ಹಸಿರು ಕಣಗಳು, ಅಂದರೆ ಕ್ಲೋರೋಪ್ಲಾಸ್ಟ್‌ಗಳು, ಬಹಳ ಹಿಂದೆ ಬೇರೊಂದು ಜೀವಕೋಶದೊಳಗೆ ಸೇರಿಕೊಂಡ ಸಯನೋಬ್ಯಾಕ್ಟೀರಿಯದ ವಂಶದವು. ಅವುಗಳ ಥೈಲಕಾಯ್ಡ್ ಪೊರೆಯಲ್ಲಿ ಇಂದಿಗೂ ಅದೇ ಬಗೆಯ ಕೊಬ್ಬುಗಳಿವೆ, ಅದೇ ಡಿ-1 ಪ್ರೋಟೀನ್ ಇದೆ, ಅದೇ ರಿಪೇರಿ ನಡೆಯುತ್ತದೆ. ಹಾಗಾಗಿ ಪಾಚಿಯಲ್ಲಿ ಕಲಿತದ್ದನ್ನು ಗಿಡಗಳಲ್ಲೂ ನೋಡಬಹುದು ಅಂತ ಮುರಾಟ ತಂಡಕ್ಕೆ ಅನ್ನಿಸಿತು.

ಅವರು ಆರಿಸಿಕೊಂಡದ್ದು ತಂಬಾಕು, ನಮ್ಮ ಅರಕಲಗೂಡು ಕಡೆಯ ರೈತರಿಗೆ ಚೆನ್ನಾಗಿ ಗೊತ್ತಿರುವ ಬೆಳೆ. 1992ರಲ್ಲಿ ಕೆಲವು ತಂಬಾಕು ಗಿಡಗಳಿಗೆ ಚಳಿ ತಡೆಯದ ಕುಂಬಳ ಜಾತಿಯ ಗಿಡದ ಒಂದು ಜೀನ್ ಸೇರಿಸಿದರು. ಇನ್ನು ಕೆಲವಕ್ಕೆ, ಚಳಿ ತಡೆಯುವ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಗಿಡದಿಂದ ಅದೇ ಕೆಲಸದ ಜೀನ್ ತಂದು ಸೇರಿಸಿದರು. ಕ್ಲೋರೋಪ್ಲಾಸ್ಟ್ ಪೊರೆಯ ಒಂದು ಕೊಬ್ಬಿಗೆ ನೇರ ಬಾಲ ಸೇರಬೇಕೋ ಡೊಂಕು ಬಾಲ ಸೇರಬೇಕೋ ಅನ್ನುವುದು ಈ ಜೀನಿನ ಮೇಲೆ ನಿಂತಿದೆ. ಕುಂಬಳದ ಜೀನ್ ಪಡೆದ ತಂಬಾಕಿನಲ್ಲಿ ನೇರ ಬಾಲ ಹೆಚ್ಚಾಯಿತು, ಅದು ಮಾಮೂಲಿ ತಂಬಾಕಿಗಿಂತ ಬೇಗ ಚಳಿಗೆ ಬಾಡಿತು. ಅರಬಿಡಾಪ್ಸಿಸ್ ಜೀನ್ ಪಡೆದದ್ದು ಮಾಮೂಲಿ ಗಿಡಕ್ಕಿಂತ ಹೆಚ್ಚು ತಡೆದುಕೊಂಡಿತು. ಮೂರು ವರ್ಷದ ನಂತರ ಅವೇ ಬಗೆಯ ಗಿಡಗಳಲ್ಲಿ ಕಾರಣ ಹುಡುಕಿದಾಗ, ಬೆಳಕಿನಿಂದ ಆಗುವ ಹಾನಿಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಆಮೇಲಿನ ಚೇತರಿಕೆಯಲ್ಲಿ: ಡೊಂಕು ಬಾಲ ಹೆಚ್ಚಿದ್ದ ಎಲೆಗಳಲ್ಲಿ ಫೋಟೋಸಿಸ್ಟಂ-2 ಬೇಗ ರಿಪೇರಿಯಾಗುತ್ತಿತ್ತು.